ಗೇಟಿನ ಒಳಗೆ ಕಂಪನಿ, ಗೇಟಿನ ಹೊರಗೆ ಲೀಡರು: ಸೇಡಂ, ಚಿತ್ತಾಪುರದ ಸಿಮೆಂಟ್ ಬಗ್ಗೆ ಮಾತಾಡೋಣ

ಕಾಗಿಣಾ ದಂಡೆ:
ಎಲ್ಲರಿಗೂ ನಮಸ್ಕಾರ. ಅದಾನಿ, ಬಿರ್ಲಾ ಅಂದರೆ ನಾವು ದೆಹಲಿ, ಮುಂಬೈ, ಗುಜರಾತ್ ಅಂತ ಮಾತಾಡುತ್ತೇವೆ. ಕಲಬುರಗಿ ಜಿಲ್ಲೆಯ ನಮ್ಮ ತಾಲೂಕುಗಳಲ್ಲಿ ಏನಾಗಿದೆ ಅಂತ ಒಮ್ಮೆ ನೋಡಿ.

ವಾಡಿಯ ಎಸಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ವಿಸ್ ಕಂಪನಿ ಹೋಲ್ಸಿಮ್ ಕೈಯಿಂದ ಅದಾನಿ ಗುಂಪಿಗೆ ಹೋಯಿತು. ಚಿತ್ತಾಪುರ ತಾಲೂಕಿನ ಇಟಗಾದಲ್ಲಿದ್ದ ಓರಿಯಂಟ್ ಸಿಮೆಂಟ್ ಸಿ.ಕೆ. ಬಿರ್ಲಾ ಅವರದ್ದಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಅದಾನಿಯವರ ಅಂಬುಜಾ ಸಿಮೆಂಟ್ ಅದನ್ನು ಕೊಳ್ಳುವುದಾಗಿ ಹೇಳಿತು, 2025ರಲ್ಲಿ ಕೈ ಬದಲಾಯಿತು. ಅದೂ ಅದಾನಿಯವರದ್ದೇ. ಮಳಖೇಡದ ರಾಜಶ್ರೀ ಸಿಮೆಂಟ್ ಮೊದಲಿಂದಲೂ ಆದಿತ್ಯ ಬಿರ್ಲಾ ಗುಂಪಿನದ್ದು, ಈಗ ಅದೇ ಗುಂಪಿನ ಅಲ್ಟ್ರಾಟೆಕ್. ಸೇಡಂನ ವಾಸವದತ್ತಾ ಕೇಸೋರಾಂ ಕಂಪನಿಯದ್ದಾಗಿತ್ತು, 2025ರ ಮಾರ್ಚ್‌ನಿಂದ ಅದೂ ಅಲ್ಟ್ರಾಟೆಕ್. ನಾಲ್ಕು ಕಡೆ ನಾಲ್ಕು ಮಾಲೀಕರಿದ್ದರು, ಈಗ ಇಬ್ಬರೇ. ಕೋಡ್ಲಾದ ಶ್ರೀ ಸಿಮೆಂಟ್, ಚಿಂಚೋಳಿ ಕಡೆಯ ಛತ್ರಸಾಲಾ ಮತ್ತು ಕಲ್ಲೂರಿನ ಕಾರ್ಖಾನೆಗಳು ಬೇರೆಯವರದ್ದು, ಸರಿ. ಆದರೆ ಗಡಿ ದಾಟಿ ತಾಂಡೂರಿಗೆ ಹೋದರೆ ಅಲ್ಲಿನ ಪೆನ್ನಾ ಕೂಡ 2024ರಲ್ಲಿ ಅದಾನಿ ಪಾಲಾಗಿದೆ.

ಹಿಂಗೆ ಒಂದೇ ಕೈಗೆ ಬಂದರೆ ನಮ್ಮ ಊರಿನ ರಾಜಕೀಯ ಏನಾಗುತ್ತದೆ? ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಕಂಪನಿಗೂ ಲೀಡರುಗಳಿಗೂ ನಂಟು ಇರುವುದು ವಿಧಾನಸೌಧದಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ನಾನು ನೋಡಿದ ಹಾಗೆ ಅದರ ಗಟ್ಟಿ ಗಂಟು ಇರುವುದು ಕಾರ್ಖಾನೆ ಗೇಟಿನ ಹತ್ತಿರ. ಲೇಬರ್ ಠೇಕೆ ಯಾರದ್ದು? ಗಾಡಿ ಯಾರವು? ಕ್ಯಾಂಟೀನ್, ಗಾರ್ಡನ್, ಜೆಸಿಬಿ, ನೀರಿನ ಟ್ಯಾಂಕರ್ ಯಾರ ಹೆಸರಿನಲ್ಲಿವೆ? ಒಂದು ಪಕ್ಷದ ತಾಲೂಕು ಲೀಡರಿಗೆ ಲೇಬರ್ ಠೇಕೆ, ಎದುರಿನ ಪಕ್ಷದವನ ತಮ್ಮನಿಗೆ ಟ್ರಾನ್ಸ್‌ಪೋರ್ಟ್. ಚುನಾವಣೆಯಲ್ಲಿ ಇಬ್ಬರೂ ಬಡಿದಾಡುತ್ತಾರೆ, ಧೂಳಿನ ಮಾತು ಬಂದರೆ ಇಬ್ಬರೂ ಸುಮ್ನೆ. ನಮ್ಮ ಊರಿನ ಗ್ರಾಮಸಭೆಯಲ್ಲಿ ಕಾರ್ಖಾನೆ ಅನ್ನುವ ಮಾತು ಎತ್ತುವವರೇ ಇಲ್ಲ. ನಿಮ್ಮ ಕಡೆ ಹೆಂಗೆ, ಹೇಳಿ.

ಗಾಡಿ ಮಾಲಕ:
ಅಣ್ಣಾ, ಬರೆದದ್ದು ಖರೆ. ಆದರೆ ನಮ್ಮ ಕಷ್ಟನೂ ಕೇಳಿ. ನನ್ನ ಹತ್ತಿರ ಒಂದು ಗಾಡಿ ಇದೆ, ಅದರ ಮೇಲೆ ಫೈನಾನ್ಸ್ ಇದೆ. ಕಂತು ತಿಂಗಳಿಗೆ ಸರಿಯಾಗಿ ಬರುತ್ತದೆ, ಲೋಡ್ ಸರಿಯಾಗಿ ಬರುವುದಿಲ್ಲ.

ಯಾರ್ಡ್‌ನಲ್ಲಿ ಪಾಳಿ ಅಂತ ಇರುತ್ತದೆ. ಗಾಡಿ ನಂಬರ್ ಬರೆಸಿ ಕಾಯಬೇಕು. ಲೋಕಲ್ ಗಾಡಿಗೆ ಮೊದಲು ಲೋಡ್ ಕೊಡಬೇಕು ಅಂತ ಹೋರಾಟ ಮಾಡಿ ಪಡೆದದ್ದು ನಾವೇ. ಆದರೆ ಯಾರು ಲೋಕಲ್ ಅಂತ ಹೇಳುವವರು ಯಾರು? ಲೀಡರ್ ಕಡೆಯ ಹುಡುಗ ಬಂದು ಆಫೀಸಿನವರ ಜೊತೆ ಚಹಾ ಕುಡಿದು ಹೋದ ಮೇಲೆ ಪಟ್ಟಿ ಬದಲಾಗಿರುತ್ತದೆ. ಹಿಂದಿನ ನಂಬರ್ ಮುಂದೆ, ಮುಂದಿನದು ಹಿಂದೆ. ಎರಡು ದಿನ ಯಾರ್ಡಿನಲ್ಲೇ ಮಲಗಿ, ಅಲ್ಲೇ ಅನ್ನ ಬೇಯಿಸಿಕೊಂಡು, ಮೂರನೇ ದಿನ ಸೊಲ್ಲಾಪುರ ಲೋಡ್ ಸಿಕ್ಕರೆ ದೇವರು ದೊಡ್ಡವನು. ಇಂಥಾದ್ದರಲ್ಲಿ ನಾನು ಗ್ರಾಮಸಭೆಯಲ್ಲಿ ಎದ್ದು ನಿಂತು ಧೂಳಿನ ಬಗ್ಗೆ ಮಾತಾಡಿದರೆ ನನ್ನ ಪಾಳಿ ಏನಾಗುತ್ತದೆ ಅಂತ ನೀವೇ ಹೇಳಿ. ಯಾವ ಕಾರ್ಖಾನೆ ಅಂತ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ.

ಇನ್ನೊಂದು ಹೆದರಿಕೆ ಇದೆ. ಇಲ್ಲಿಯತನಕ ಒಂದು ಕಡೆ ಬಾಡಿಗೆ ಪರವಡಿಸದಿದ್ದರೆ ಇನ್ನೊಂದು ಗೇಟಿಗೆ ಗಾಡಿ ತಿರುಗಿಸುತ್ತಿದ್ದೆವು. ಎರಡೂ ಗೇಟಿಗೆ ಒಬ್ಬನೇ ಮಾಲೀಕ ಆದರೆ ಎಲ್ಲಿಗೆ ತಿರುಗಿಸುವುದು?

ಕಾಗಿಣಾ ದಂಡೆ:
ಇದೇ ನಾನು ಹೇಳಬೇಕು ಅಂತಿದ್ದದ್ದು. ನಿಮ್ಮ ಕೊನೆ ಸಾಲನ್ನು ಎಲ್ಲರೂ ಎರಡು ಸಲ ಓದಬೇಕು.

ವಾಡಿ ಜಂಕ್ಷನ್:
ನಾನು ಕಾಲೋನಿಯಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಕ್ವಾರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದರು. ಆ ಪಗಾರದಲ್ಲೇ ನಾವು ಮೂವರು ಓದಿದೆವು. ಶಾಲೆ, ದವಾಖಾನೆ, ದಿನಾ ನೀರು, ರಾತ್ರಿ ಬೀದಿ ದೀಪ. ಇಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಗಳಲ್ಲಿ ಅದು ಯಾವುದೂ ಇರಲಿಲ್ಲ. ವಾಡಿ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಅದಕ್ಕೂ ಮೊದಲು ಊರಿಗೆ ಇದ್ದದ್ದು ರೈಲ್ವೆ ಜಂಕ್ಷನ್ ಒಂದೇ. ಆದ್ದರಿಂದ ಕಂಪನಿ ಅಂದರೆ ಬರೀ ಶತ್ರು ಅನ್ನುವ ಹಾಗೆ ಮಾತಾಡಬೇಡಿ, ನನಗೆ ನೋವಾಗುತ್ತದೆ.

ಆದರೆ ಒಂದು ವ್ಯತ್ಯಾಸ ಕಣ್ಣಾರೆ ನೋಡಿದ್ದೇನೆ. ಅಪ್ಪನ ಕಾಲದಲ್ಲಿ ಕಾಯಂ ಕಾರ್ಮಿಕರು ಜಾಸ್ತಿ. ಯೂನಿಯನ್ ಚುನಾವಣೆ ಅಂದರೆ ಊರಿಗೆ ಊರೇ ಮಾತಾಡುತ್ತಿತ್ತು. ಯೂನಿಯನ್ ಲೀಡರ್ ಆದವನು ಎಂಎಲ್‌ಎ ಮುಂದೆ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದ. ಈಗ ಪ್ಯಾಕಿಂಗ್, ಲೋಡಿಂಗ್, ಕ್ಲೀನಿಂಗ್ ಎಲ್ಲ ಠೇಕೆ. ನನ್ನ ಚಿಕ್ಕಪ್ಪನ ಮಗನ ಗೇಟ್ ಪಾಸ್ ಠೇಕೇದಾರನ ಕೈಯಲ್ಲಿದೆ, ಕಂಪನಿ ಕೈಯಲ್ಲಿಲ್ಲ. ಪಾಸ್ ಮುಗಿಯಿತು ಅಂದರೆ ಕೆಲಸ ಮುಗಿಯಿತು. ಆ ಠೇಕೇದಾರನೇ ಚುನಾವಣೆಯಲ್ಲಿ ಯಾರಿಗೆ ಮತ ಅಂತ ಹೇಳಲು ಬರುತ್ತಾನೆ.

ಚಿಂಚೋಳಿ ಕಾನೂನು ವಿದ್ಯಾರ್ಥಿನಿ:
ಅಕ್ಕಾ, ಒಂದು ಮಾತು ಸೇರಿಸುತ್ತೇನೆ. ಠೇಕೇದಾರ ಕೂಲಿ ಕೊಡದಿದ್ದರೆ ಕಂಪನಿಯೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಅದು ಇತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ. ಠೇಕೇದಾರ ಓಡಿಹೋದ ಅಂತ ಸುಮ್ಮನಾಗುತ್ತಾರೆ.

ತೊಗರಿ ಹೊಲ:
ನಮ್ಮ ಹೊಲ ಕ್ವಾರಿಯಿಂದ ದೂರ ಇಲ್ಲ. ನವೆಂಬರ್ ಹೊತ್ತಿಗೆ ತೊಗರಿ ಹೂ ಬಿಟ್ಟಾಗ ಬಂದು ನೋಡಿ. ಬೆಳಗಿನ ಇಬ್ಬನಿಗೆ ಧೂಳು ಅಂಟಿಕೊಂಡು ಹೂವು, ಎಲೆ ಎಲ್ಲ ಬೂದಿ ಬಣ್ಣ. ಕೈಯಿಂದ ಎಲೆ ಉಜ್ಜಿದರೆ ಬೆರಳಿಗೆ ಸಣ್ಣ ರವೆ ಹತ್ತಿದ ಹಾಗೆ ಆಗುತ್ತದೆ. ಹೂ ಉದುರಿದ ಮೇಲೆ ಕಾಯಿ ಎಲ್ಲಿಂದ ಕಟ್ಟಬೇಕು? 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಬಂತು. ಸಂತೋಷ ಪಟ್ಟವರಲ್ಲಿ ನಾನೂ ಒಬ್ಬ. ಅದೇ ತೊಗರಿಯ ಮೇಲೆ ಧೂಳು ಬಿದ್ದರೆ ಕೇಳುವವರು ಯಾರು?

ಬ್ಲಾಸ್ಟಿಂಗ್ ಮಾತು ಬೇರೆ. ಮಧ್ಯಾಹ್ನ ಸೈರನ್ ಆದ ಮೇಲೆ ಢಂ ಅನ್ನುತ್ತದೆ, ಅಡುಗೆ ಮನೆಯ ಡಬ್ಬಿಗಳು ಅಲುಗಾಡುತ್ತವೆ. ನಮ್ಮ ಪಡಸಾಲೆ ಗೋಡೆಯಲ್ಲಿ ಮೇಲಿಂದ ಕೆಳತನಕ ಬಿರುಕು. ಅರ್ಜಿ ಕೊಟ್ಟೆ. ಬಂದು ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಊರಿನ ಹಿರಿಯರೊಬ್ಬರು ಬಂದು ‘ಜಾತ್ರೆಗೆ ಕಂಪನಿಯಿಂದ ದೇಣಿಗೆ ಪಟ್ಟಿ ಬರುವುದಿದೆ, ಗುಡಿಯ ಮಂಟಪ ಕಟ್ಟಿಸುವುದಿದೆ, ಈಗ ಗಲಾಟೆ ಬೇಡ’ ಅಂದರು. ಗುಡಿಯ ಮಾತು ಬಂದ ಮೇಲೆ ನಾನು ಏನು ಮಾತಾಡಲಿ? ಮನೆಯವರೂ ಬಿಡು ಅಂದರು.

ಲೆಕ್ಕದ ಅಕ್ಕ:
ತೊಗರಿ ಹೊಲದ ಅಣ್ಣನವರೇ, ಗುಡಿಗೆ ಕೊಡುವ ಪಟ್ಟಿ ಮತ್ತು ನಿಮಗೆ ಕಾನೂನಿನ ಪ್ರಕಾರ ಬರಬೇಕಾದ ಹಣ, ಎರಡೂ ಬೇರೆ ಬೇರೆ. ಒಂದು ಲೆಕ್ಕ ಕೊಡುತ್ತೇನೆ. ಲೆಕ್ಕಪತ್ರ ನೋಡುವುದೇ ನನ್ನ ಕೆಲಸ.

ಸುಣ್ಣದ ಕಲ್ಲಿಗೆ ರಾಯಲ್ಟಿ ಟನ್‌ಗೆ 80 ರೂಪಾಯಿ. ಕ್ಲಿಂಕರ್ ಅಂದರೆ ಕಲ್ಲು ಸುಟ್ಟು ಮಾಡುವ, ಸಿಮೆಂಟಿಗೆ ಅರೆಯುವ ಗಟ್ಟಿ. ಒಂದು ಟನ್ ಕ್ಲಿಂಕರ್ ಆಗಬೇಕಾದರೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಅಂದರೆ 120 ರೂಪಾಯಿ. ಒಂದು ಟನ್ ಅಂದರೆ 50 ಕಿಲೋದ 20 ಚೀಲ. ಒಂದು ಚೀಲಕ್ಕೆ 6 ರೂಪಾಯಿ ರಾಯಲ್ಟಿ. ಅದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಹಾರುಬೂದಿ ಬೆರೆಸಿದ ಸಿಮೆಂಟ್‌ನಲ್ಲಿ ಕ್ಲಿಂಕರ್ ಕಡಿಮೆ, ಆಗ ಇನ್ನೂ ಕಡಿಮೆ.

ಈಗ ನಿಮ್ಮ ಪಾಲು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು. ಆಫೀಸುಗಳಲ್ಲಿ ಡಿಎಂಎಫ್ ಅಂತಾರೆ. 2015ರ ಜನವರಿ 12ಕ್ಕಿಂತ ಮೊದಲು ಕೊಟ್ಟ ಗಣಿ ಗುತ್ತಿಗೆಯವರು ರಾಯಲ್ಟಿಯ 30% ಇದಕ್ಕೆ ಕೊಡಬೇಕು. ಹರಾಜಿನಲ್ಲಿ ಪಡೆದ ಹೊಸ ಗಣಿಯವರು 10%. 6 ರೂಪಾಯಿಗೆ 30% ಅಂದರೆ 1 ರೂಪಾಯಿ 80 ಪೈಸೆ. ಒಂದು ಚೀಲಕ್ಕೆ ನಿಮ್ಮ ಊರಿನ ಧೂಳು, ಬಿರುಕು, ಕೆಟ್ಟ ರಸ್ತೆ, ಕೆಮ್ಮು ಎಲ್ಲಕ್ಕೂ ಸೇರಿ ಇಷ್ಟು. ಅದೇ ಚೀಲಕ್ಕೆ ತೆರಿಗೆ ಸೇರಿಸುವ ಮೊದಲು 300 ರೂಪಾಯಿ ಅಂತ ಹಿಡಿದರೆ ಜಿಎಸ್‌ಟಿ ಈಗಿನ 18%ರಂತೆ 54 ರೂಪಾಯಿ. 2025ರ ಸೆಪ್ಟೆಂಬರ್ 22ಕ್ಕಿಂತ ಮೊದಲು 28% ಇತ್ತು.

ಚೀಲಕ್ಕೆ ಕಡಿಮೆ ಅನ್ನಿಸಿದರೂ ನಮ್ಮ ಜಿಲ್ಲೆಯಲ್ಲಿ ಕೋಟಿಗಟ್ಟಲೆ ಚೀಲ ತಯಾರಾಗುತ್ತವೆ. ಆದ್ದರಿಂದ ಈ ಹಣ ಸಣ್ಣದಲ್ಲ. ಎಲ್ಲಿ ಖರ್ಚಾಯಿತು ಅನ್ನುವುದೇ ಪ್ರಶ್ನೆ.

ಶಹಾಬಾದಿ:
ನಾನು ಸ್ವಲ್ಪ ಹಳಬ. ನಮ್ಮ ಶಹಾಬಾದಿನಲ್ಲಿ ನಿಜಾಮರ ಕಾಲದಿಂದಲೇ ಸಿಮೆಂಟ್ ಕಾರ್ಖಾನೆ ಇತ್ತು. 1936ರಲ್ಲಿ ಹತ್ತು ಕಂಪನಿ ಕೂಡಿ ಎಸಿಸಿ ಆದಾಗ ನಮ್ಮದೂ ಅದರಲ್ಲಿ ಸೇರಿತು. ಅಂದರೆ ಮಾಲೀಕರು ಒಂದಾಗುವುದು ಇದೇ ಮೊದಲಲ್ಲ. ಆಗ ಅರಸನ ದರ್ಬಾರ್ ಇತ್ತು, ಈಗ ಬೇರೆ ದರ್ಬಾರ್.

ಆ ಕಾರ್ಖಾನೆ ಮುಚ್ಚಿದ ಮೇಲೆ ಊರು ಏನಾಯಿತು ಅಂತ ಹೊಸ ಹುಡುಗರು ಬಂದು ನೋಡಬೇಕು. ಕ್ವಾಟ್ರಸ್ಸುಗಳ ಕಿಟಕಿ, ಬಾಗಿಲು ಹೋದವು. ಮಂದಿ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದರು. ಕಾರ್ಖಾನೆ ನಡೆಯುವಾಗ ಓಣಿ ಓಣಿಗೂ ಬರುತ್ತಿದ್ದ ಲೀಡರುಗಳು ಮುಚ್ಚಿದ ಮೇಲೆ ಕಾಣಲಿಲ್ಲ. ಉಳಿದದ್ದು ಫರಸಿ ಕಲ್ಲಿನ ಖಣಿಗಳು. ಅದರಲ್ಲಿ ದುಡಿಯುವವರಿಗೆ ಪಿಎಫ್ ಇಲ್ಲ, ರಜೆ ಇಲ್ಲ. ಮಾಲೀಕರು ಇಬ್ಬರೇ ಉಳಿದಾಗ ನನ್ನ ಚಿಂತೆ ಇದೇ. ಲಾಭ ಕಡಿಮೆ ಅಂತ ಮುಂಬೈಯಲ್ಲೋ ಅಹಮದಾಬಾದಿನಲ್ಲೋ ಕೂತು ಒಂದು ಹಳೆಯ ಘಟಕ ಬಂದ್ ಮಾಡೋಣ ಅಂತ ನಿರ್ಧರಿಸಿದರೆ, ತಡೆಯುವ ಶಕ್ತಿ ನಮ್ಮಲ್ಲಿ ಯಾರಿಗಿದೆ? ಸೇಡಂ ತಾಲೂಕಿನ ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಸಿಐ ಕಾರ್ಖಾನೆಯೇ ಬಂದ್ ಆಯಿತು. ಸರ್ಕಾರದ್ದನ್ನೇ ಉಳಿಸಿಕೊಳ್ಳಲು ಆಗಲಿಲ್ಲ.

ಇದು ಲೀಡರುಗಳಿಗೆ ಬರ ಇರುವ ಜಿಲ್ಲೆ ಅಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು, ಜೇವರ್ಗಿಯ ಧರಂ ಸಿಂಗ್ ಅವರು ಮುಖ್ಯಮಂತ್ರಿ ಆದರು. ಮಲ್ಲಿಕಾರ್ಜುನ ಖರ್ಗೆಯವರು ಕೇಂದ್ರದಲ್ಲಿ ಕಾರ್ಮಿಕ ಸಚಿವರಾಗಿದ್ದರು, ಇಎಸ್‌ಐ ಆಸ್ಪತ್ರೆ, ಮೆಡಿಕಲ್ ಕಾಲೇಜು ಕಲಬುರಗಿಗೆ ಬಂತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಒಳ್ಳೆಯದಾದದ್ದನ್ನು ಒಳ್ಳೆಯದು ಅನ್ನಬೇಕು. ಆದರೆ 371(ಜೆ) ಮೀಸಲಾತಿ ಸರ್ಕಾರಿ ನೌಕರಿಗೆ, ಓದಿಗೆ. ಕಾರ್ಖಾನೆ ಗೇಟಿಗೆ ಅದು ಬರುವುದಿಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಕೆಲಸ ಅನ್ನುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮದವರು ವಿರೋಧ ಮಾಡಿದರು, ಸರ್ಕಾರ ತಡೆ ಹಿಡಿಯಿತು. ಎಷ್ಟು ಬೇಗ ತಡೆ ಹಿಡಿಯಿತು ಅಂತ ನೆನಪಿದೆಯಲ್ಲ.

ಬೀದರಿನ ಕಬ್ಬು:
ನಮ್ಮಲ್ಲಿ ಸಿಮೆಂಟ್ ಇಲ್ಲ, ಸಕ್ಕರೆ ಇದೆ. ಬೀದರ್ ಜಿಲ್ಲೆಯಲ್ಲಿ ಲೀಡರುಗಳು ಗೇಟಿನ ಒಳಗೇ ಇದ್ದಾರೆ. ಸಹಕಾರಿ ಕಾರ್ಖಾನೆಯ ಅಧ್ಯಕ್ಷಗಿರಿ, ಡಿಸಿಸಿ ಬ್ಯಾಂಕ್, ವಿಧಾನಸಭೆ, ಈ ಮೂರಕ್ಕೂ ಅವೇ ಮನೆತನಗಳು ನಿಲ್ಲುವುದನ್ನು ನೋಡುತ್ತಾ ಬೆಳೆದವರು ನಾವು. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ಬಿಎಸ್‌ಎಸ್‌ಕೆ ವರ್ಷಗಟ್ಟಲೆ ಬಂದ್ ಬಿತ್ತು. ಕಬ್ಬು ಕಳಿಸಿದ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಡ್ಡಿ ಕೈಗೆ ಬಂದ ರೈತನನ್ನು ನಾನಂತೂ ಕಂಡಿಲ್ಲ.

ಆದರೂ ಒಂದು ಮಾತು. ಸಹಕಾರಿಯಲ್ಲಿ ನಾನು ಷೇರುದಾರ. ಐದು ವರ್ಷಕ್ಕೊಮ್ಮೆಯಾದರೂ ಪ್ಯಾನೆಲ್ ಬಿದ್ದು ಹೋಗುವಂತೆ ಮಾಡಬಹುದು, ಮಾಡಿದ್ದೇವೆ. ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ನಿಮ್ಮ ಸಿಮೆಂಟ್ ಕಂಪನಿಯಲ್ಲಿ ರೈತನಿಗೆ ಯಾವ ಸಭೆ ಇದೆ?

ಸೈದಾಪುರ ಹೋಬಳಿ, ಯಾದಗಿರಿ:
ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿ 3 ಸಾವಿರಕ್ಕೂ ಹೆಚ್ಚು ಎಕರೆ ತೆಗೆದುಕೊಂಡಿತು. ಮನೆಗೊಂದು ನೌಕರಿ ಅನ್ನುವ ಮಾತು ಆಗ ಊರೆಲ್ಲ ಓಡಾಡಿತು. ಬಂದದ್ದು ರೈಲು ಬೋಗಿಯ ಕಾರ್ಖಾನೆ, ಮತ್ತೆ ಔಷಧಿ, ರಾಸಾಯನಿಕದ ಘಟಕಗಳು. ರಾತ್ರಿ ವಾಸನೆಗೆ ಕಿಟಕಿ ಮುಚ್ಚಿ ಮಲಗಬೇಕು. ಭೂಮಿ ಕೊಟ್ಟವನ ಮಗ ಸೆಕ್ಯೂರಿಟಿ ಆಗಿದ್ದಾನೆ, ಅದೂ ಠೇಕೆ. ನಿಮ್ಮ ಕಡೆಯ ಕಥೆಯೇ ನಮ್ಮ ಕಡೆನೂ.

ಹೊಸ ಸದಸ್ಯ:
ಒಂದು ಪ್ರಶ್ನೆ. ಎರಡೇ ಕಂಪನಿ ಆದರೆ ಸಿಮೆಂಟ್ ದರ ಏರುತ್ತದೆಯಾ? ನಾನು ಮನೆ ಕಟ್ಟಿಸುತ್ತಿದ್ದೇನೆ.

ಲೆಕ್ಕದ ಅಕ್ಕ:
ನಾಳೆ ಏನಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಹಿಂದೆ ಆದದ್ದು ಹೇಳುತ್ತೇನೆ. 2012ರಲ್ಲಿ ಸ್ಪರ್ಧಾ ಆಯೋಗ 11 ಸಿಮೆಂಟ್ ಕಂಪನಿಗಳಿಗೆ ಒಟ್ಟು 6 ಸಾವಿರ ಕೋಟಿಗೂ ಜಾಸ್ತಿ ದಂಡ ಹಾಕಿತು. ಒಬ್ಬರಿಗೊಬ್ಬರು ಮಾತಾಡಿಕೊಂಡು ದರ, ಉತ್ಪಾದನೆ ನಿಗದಿ ಮಾಡಿದರು ಅನ್ನುವ ಕಾರಣಕ್ಕೆ. ಎಸಿಸಿ, ಅಂಬುಜಾ, ಅಲ್ಟ್ರಾಟೆಕ್ ಮೂರೂ ಆ ಪಟ್ಟಿಯಲ್ಲಿದ್ದವು. ಆ ಆದೇಶ ರದ್ದಾಗಿ, 2016ರಲ್ಲಿ ಆಯೋಗ ಮತ್ತೆ ಹಾಕಿದ ದಂಡವನ್ನು 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಸರಿ ಅಂದಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಹನ್ನೊಂದು ಕಂಪನಿ ಇದ್ದಾಗಲೇ ಇಂಥ ಕೇಸ್ ಆಗಿತ್ತು ಅನ್ನುವುದನ್ನು ನೆನಪಿಡಿ.

ಗಾಡಿ ಮಾಲಕ:
ಎಲ್ಲ ಸರಿ. ಏನು ಮಾಡಬೇಕು ಅಂತ ಯಾರೂ ಹೇಳುತ್ತಿಲ್ಲ. ನಾವು ಗೇಟ್ ಮುಂದೆ ಕೂತರೆ ನಾಲ್ಕು ದಿನಕ್ಕೆ ಲೀಡರ್ ಬಂದು ಹಾರ ಹಾಕಿಸಿಕೊಂಡು ಎಬ್ಬಿಸುತ್ತಾನೆ. ಆಮೇಲೆ ಅವನಿಗೆ ಇನ್ನೆರಡು ಗಾಡಿ ಸೇರುತ್ತವೆ.

ಚಿಂಚೋಳಿ ಕಾನೂನು ವಿದ್ಯಾರ್ಥಿನಿ:
ಅಣ್ಣಾ, ಗೇಟ್ ಬಿಟ್ಟು ಕಾಗದಕ್ಕೆ ಬರೋಣ. ನನಗೆ ಇದರಲ್ಲಿ ನಂಬಿಕೆ ಇದೆ, ಯಾಕಂದರೆ ಕಾಗದದ ಮೇಲೆ ನಮಗೆ ಹಕ್ಕು ಜಾಸ್ತಿ ಇದೆ, ಕೇಳುವವರು ಕಡಿಮೆ.

ಮೊದಲನೆಯದು ಡಿಎಂಎಫ್. 2024ರ ಹೊಸ ಮಾರ್ಗಸೂಚಿಯ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿನ ಊರುಗಳು ನೇರವಾಗಿ ಬಾಧಿತ. 70% ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ಮುಂತಾದ ಆದ್ಯತೆಯ ಕೆಲಸಕ್ಕೇ ಹೋಗಬೇಕು. ವಾರ್ಷಿಕ ವರದಿಯನ್ನು ವೆಬ್‌ಸೈಟ್‌ನಲ್ಲಿ ಹಾಕಬೇಕು. ಸಮಿತಿಯಲ್ಲಿ ಡಿಸಿ, ಎಂಪಿ, ಎಂಎಲ್‌ಎ ಎಲ್ಲ ಇರುತ್ತಾರೆ. ಅಂದರೆ ಈ ದುಡ್ಡು ಎಲ್ಲಿಗೆ ಅಂತ ಕೇಳಿದರೆ ಅದು ಕಂಪನಿಗೆ ಕೇಳುವ ಪ್ರಶ್ನೆ ಅಲ್ಲ, ನಮ್ಮ ಪ್ರತಿನಿಧಿಗಳಿಗೆ ಕೇಳುವ ಪ್ರಶ್ನೆ. ಗಾಡಿ ಪಾಳಿಗೂ ಇದಕ್ಕೂ ಸಂಬಂಧ ಇಲ್ಲ. ಹೆದರಿಕೆ ಇದ್ದವರೂ ಕೇಳಬಹುದು.

ಎರಡನೆಯದು ಸಾರ್ವಜನಿಕ ಅಹವಾಲು. ಕಾರ್ಖಾನೆ ವಿಸ್ತರಣೆಗೆ, ದೊಡ್ಡ ಗಣಿಗೆ ಪರಿಸರ ಅನುಮತಿ ಬೇಕಾದಾಗ 2006ರ ಅಧಿಸೂಚನೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಸಭೆ ಕರೆಯುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಸಭೆಯನ್ನು ಪೂರ್ತಿ ವಿಡಿಯೊ ಮಾಡಬೇಕು. ಈ ಸಭೆಗಳಿಗೆ ನಾನು ಹೋಗಿದ್ದೇನೆ. ಪೆಂಡಾಲ್, ಊಟ, ಮುಂದಿನ ಸಾಲಿನಲ್ಲಿ ಠೇಕೇದಾರರು ಮತ್ತು ಅವರ ಮಂದಿ. ಒಬ್ಬರಾದ ಮೇಲೆ ಒಬ್ಬರು ಮೈಕ್ ಹಿಡಿದು ಕಂಪನಿ ಬರಲಿ, ಅಭಿವೃದ್ಧಿ ಆಗಲಿ ಅನ್ನುತ್ತಾರೆ. ಧೂಳು ತಿನ್ನುವ ಹೆಣ್ಣುಮಕ್ಕಳು ಹಿಂದೆ ನಿಂತಿರುತ್ತಾರೆ, ಮೈಕ್ ಅಲ್ಲಿತನಕ ಬರುವುದೇ ಇಲ್ಲ. ಅಧ್ಯಕ್ಷತೆ ವಹಿಸಿದ ಅಧಿಕಾರಿಗೆ ಅಲ್ಲೇ ಚೀಟಿ ಕಳಿಸಿ ಮೈಕ್ ಕೇಳಬೇಕು. ಕೇಳಿದ್ದು, ಹೇಳಿದ್ದು ಎಲ್ಲ ನಡಾವಳಿಯಲ್ಲಿ ಬರಲೇಬೇಕು.

ಕಾಗಿಣಾ ದಂಡೆ:
ಇಬ್ಬರು ಮಾಲೀಕರ ವಿಷಯಕ್ಕೂ ಇದು ಹೊಂದುತ್ತದೆ. ಬೇರೆ ಬೇರೆ ಕಂಪನಿ ಇದ್ದಾಗ ಒಂದು ಊರಿನವರು ಇನ್ನೊಂದು ಊರಿನ ಕಾರ್ಖಾನೆ ತೋರಿಸಿ ಅಲ್ಲಿ ರಸ್ತೆ ಮಾಡಿಸಿದ್ದಾರೆ, ನೀವೂ ಮಾಡಿಸಿ ಅನ್ನುತ್ತಿದ್ದರು. ಅದು ಹೋಗುತ್ತದೆ. ಹಾಗಾದರೆ ಊರುಗಳೂ ಒಂದಾಗಬೇಕು. ವಾಡಿ, ಇಟಗಾ ಸುತ್ತಲಿನ ಪಂಚಾಯಿತಿಗಳು ಒಂದು ಕಡೆ ಕೂತು ಒಂದೇ ಬೇಡಿಕೆ ಪಟ್ಟಿ ಮಾಡಲಿ. ಮಳಖೇಡ, ಸೇಡಂ ಸುತ್ತಲಿನವು ಇನ್ನೊಂದು. ಪಕ್ಷ ಯಾವುದಾದರೂ ಇರಲಿ. ಪಟ್ಟಿಯ ಮೊದಲ ಬೇಡಿಕೆಯಾಗಿ ನಾನು ಹಾಕುವುದು ಠೇಕೆಗಳ ಪಟ್ಟಿ: ಯಾವ ಠೇಕೆ ಯಾರ ಹೆಸರಿನಲ್ಲಿ ಇದೆ ಅಂತ ಕಂಪನಿ ಗೇಟಿನ ಹೊರಗೆ ಬೋರ್ಡ್ ಹಾಕಬೇಕು. ಕಾನೂನು ಹೇಳಲಿ, ಬಿಡಲಿ, ನಾವು ಕೇಳಬೇಕು. ಬೋರ್ಡ್ ಮೇಲೆ ಹೆಸರು ಬಂದ ದಿನ ಚುನಾವಣೆ ಭಾಷಣಗಳು ಬೇರೆ ಥರ ಕೇಳಿಸುತ್ತವೆ.

ವಾಡಿ ಜಂಕ್ಷನ್:
ಇದಕ್ಕೆ ನನ್ನದೂ ಒಪ್ಪಿಗೆ. ಜೊತೆಗೆ ಸಿಎಸ್‌ಆರ್ ಕೂಡ. ಮೂರು ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಕೊಡಬೇಕು, ಸುತ್ತಲಿನ ಊರಿಗೆ ಆದ್ಯತೆ ಇರಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ನಮ್ಮ ಕಾಲೋನಿ ಶಾಲೆಯಂಥ ಶಾಲೆ ಗೇಟಿನ ಹೊರಗಿನ ಹಳ್ಳಿಗೂ ಬೇಕು. ಅಲ್ಲಿಂದ ಬರುವ ಮಕ್ಕಳು ಗೇಟ್ ಹತ್ತಿರ ನಿಂತು ನಮ್ಮ ಸ್ಕೂಲ್ ಬಸ್ ನೋಡುತ್ತಿದ್ದರು.

ತೊಗರಿ ಹೊಲ:
ತಂಗೀ, ನನಗೆ ಇಂಗ್ಲಿಷ್ ಬರುವುದಿಲ್ಲ. ಡಿಎಂಎಫ್ ಅರ್ಜಿ ಕನ್ನಡದಲ್ಲಿ ಕೊಡಬಹುದಾ? ಎಲ್ಲಿ ಕೊಡಬೇಕು?

ಚಿಂಚೋಳಿ ಕಾನೂನು ವಿದ್ಯಾರ್ಥಿನಿ:
ಮಾಹಿತಿ ಹಕ್ಕಿನ ಅರ್ಜಿ ಅಂತ ಕನ್ನಡದಲ್ಲೇ ಕೊಡಿ ಕಾಕಾ. ಕಲಬುರಗಿಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಇಷ್ಟೇ ಬರೆಯಿರಿ: ‘ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಿಂದ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಮೊತ್ತ, ಗುತ್ತಿಗೆದಾರರ ಹೆಸರು, ಕಾಮಗಾರಿ ಮುಗಿದ ದಿನಾಂಕ ಕೊಡಿ.’ 30 ದಿನದಲ್ಲಿ ಉತ್ತರ ಕೊಡಬೇಕು. ಮನೆಯ ಬಿರುಕಿನ ಅರ್ಜಿ ಬೇರೆಯಾಗಿ ಕೊಡಿ, ಇದರ ಜೊತೆ ಸೇರಿಸಬೇಡಿ. ನೀವು ಮೊದಲು ಕೊಟ್ಟ ಅರ್ಜಿಯ ಸ್ವೀಕೃತಿ ಇದ್ದರೆ ಅದರ ಜೆರಾಕ್ಸ್ ಹಚ್ಚಿ.

ತೊಗರಿ ಹೊಲ:
ಸ್ವೀಕೃತಿ ಇದೆ. ಟ್ರಂಕಿನಲ್ಲಿ ಇಟ್ಟಿದ್ದೇನೆ. ಸೋಮವಾರ ಕಲಬುರಗಿಗೆ ಹೋಗುವುದಿದೆ, ಎರಡೂ ಕೊಟ್ಟು ಬರುತ್ತೇನೆ.

ಗಾಡಿ ಮಾಲಕ:
ಕಾಕಾ, ಗುತ್ತಿಗೆದಾರರ ಹೆಸರು ಅಂತ ಬರೆಯುವುದನ್ನು ಮರೆಯಬೇಡಿ. ಉತ್ತರ ಬಂದ ಮೇಲೆ ಫೋಟೊ ತೆಗೆದು ಇಲ್ಲೇ ಹಾಕಿ. ಯಾವ ಹೆಸರು ಯಾರಿಗೆ ಏನಾಗಬೇಕು ಅಂತ ನಾವು ಬರೆಯುತ್ತೇವೆ.